ಪ್ರಶ್ನೋತ್ತರ: ಶಿಕಾಗೊದ ಬ್ಲೂಸ್ ಈಗ ಎಲ್ಲಿದೆ?

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ಕಪ್ಪು ಜನರ ನಡುವೆ ಬೆಳೆದ ಬ್ಲೂಸ್ ಎಂಬ ಸಂಗೀತದ ಬಗ್ಗೆ, ಶಿಕಾಗೊ ನಗರದಲ್ಲಿ ಅದಕ್ಕಾಗಿ ನಡೆಯುವ ಉತ್ಸವದ ಬಗ್ಗೆ ಬಂದ ಪುಟ್ಟ ಟಿಪ್ಪಣಿಯನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಎಲ್ಲಕ್ಕೂ ಉತ್ತರಿಸಲು ಸ್ಥಳವಿಲ್ಲದ ಕಾರಣ, ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಕೆಲವನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಮಗಳು ಶಿಕಾಗೊದ ಉಪನಗರವಾದ ನೇಪರ್‌ವಿಲ್‌ನಲ್ಲಿದ್ದಾಳೆ. ಜೂನ್ ತಿಂಗಳಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗುವವರಿದ್ದೇವೆ. ಉತ್ಸವಕ್ಕೆ ಟಿಕೆಟ್ ಇಲ್ಲ ಎಂದು ಬರೆದಿದ್ದೀರಿ. ವಯಸ್ಸಾದವರು ನೆಮ್ಮದಿಯಾಗಿ ಕುಳಿತು ಕೇಳಬಹುದಾದ ಜಾಗವೇ ಅದು?
— ಮೈಸೂರಿನ ಓದುಗರೊಬ್ಬರು

ಖಂಡಿತ ಹೋಗಿ. ಉದ್ಯಾನದಲ್ಲಿ ನಡೆಯುವ ಕಛೇರಿಗಳಿಗೆ ಟಿಕೆಟ್ ಇಲ್ಲ. ನಗರಾಡಳಿತದ ಸಂಸ್ಕೃತಿ ಇಲಾಖೆ ನಡೆಸುವ ಈ ಉತ್ಸವ 1984ರಲ್ಲಿ, ಅಂದರೆ ಇಲ್ಲಿನ ಬ್ಲೂಸ್‌ನ ಹೆಸರಾಂತ ಗಾಯಕ, ಗಿಟಾರ್ ವಾದಕ ಮಡ್ಡಿ ವಾಟರ್ಸ್ ತೀರಿಕೊಂಡ ಮರುವರ್ಷ, ಆರಂಭವಾಯಿತು. 2016ರವರೆಗೆ ಗ್ರಾಂಟ್ ಪಾರ್ಕಿನಲ್ಲಿ ನಡೆಯುತ್ತಿದ್ದುದು 2017ರಿಂದ ಪಕ್ಕದ ಮಿಲೇನಿಯಂ ಪಾರ್ಕಿಗೆ ಬಂದಿದೆ. ಅಲ್ಲಿನ ಪ್ರಿಟ್ಜ್‌ಕರ್ ರಂಗಮಂಟಪದ ಮುಂದೆ ಸುಮಾರು 4,000 ಆಸನಗಳಿವೆ. ಅದರ ಹಿಂದಿನ ಹುಲ್ಲುಹಾಸಿನಲ್ಲಿ ಇನ್ನೂ 7,000 ಜನ ಕೂರಬಹುದು. ಹುಲ್ಲಿನ ಮೇಲೆ ಚಪ್ಪರದಂತೆ ಹೆಣೆದ ಉಕ್ಕಿನ ಕೊಳವೆಗಳಿಗೆ ಧ್ವನಿವರ್ಧಕಗಳನ್ನು ತೂಗುಹಾಕಿರುವುದರಿಂದ ಹಿಂದೆ ಕುಳಿತವರಿಗೂ ಹಾಡು ಸ್ಪಷ್ಟವಾಗಿ ಕೇಳುತ್ತದೆ. ಆಸನವೇ ಬೇಕೆಂದರೆ ಸಂಜೆಯ ಮುಖ್ಯ ಕಲಾವಿದರು ಬರುವುದಕ್ಕೆ ಸಾಕಷ್ಟು ಮೊದಲೇ ಹೋಗಬೇಕು. ಜೂನ್ ಎಂದು ಮೋಸಹೋಗದೆ ಒಂದು ಶಾಲು ಇಟ್ಟುಕೊಳ್ಳಿ. ಹೊತ್ತು ಮುಳುಗಿದ ಮೇಲೆ ಮಿಶಿಗನ್ ಸರೋವರದ ಗಾಳಿ ತಣ್ಣಗೆ ಬೀಸುತ್ತದೆ.

ನೇಪರ್‌ವಿಲ್‌ನಿಂದ ನೀವು ರೈಲಿನಲ್ಲಿ ಬರುವುದಾದರೆ ದಾರಿಯಲ್ಲಿ ವೆಸ್ಟ್‌ಮಾಂಟ್ ಎಂಬ ಊರು ಸಿಗುತ್ತದೆ. ಮಡ್ಡಿ ವಾಟರ್ಸ್ ತಮ್ಮ ಕೊನೆಯ ಸುಮಾರು ಹತ್ತು ವರ್ಷಗಳನ್ನು ಕಳೆದದ್ದು ಆ ಊರಿನಲ್ಲೇ. ಇನ್ನೊಂದು ಸಂಗತಿಯನ್ನೂ ನೆನಪಿಡಿ: ಮಿಲೇನಿಯಂ ಪಾರ್ಕ್ ನಿಂತಿರುವುದು ಇಲಿನಾಯ್ ಸೆಂಟ್ರಲ್ ರೈಲ್ವೆಯ ಹಳೆಯ ಯಾರ್ಡಿನ ನೆತ್ತಿಯ ಮೇಲೆ. ಬ್ಲೂಸ್ ಹಾಡುವವರು ದಕ್ಷಿಣದಿಂದ ಈ ನಗರಕ್ಕೆ ಬಂದದ್ದು ಅದೇ ಕಂಪನಿಯ ರೈಲುಗಳಲ್ಲಿ. ಅವರು ಇಳಿಯುತ್ತಿದ್ದ ಸೆಂಟ್ರಲ್ ಸ್ಟೇಷನ್ ಗ್ರಾಂಟ್ ಪಾರ್ಕಿನ ದಕ್ಷಿಣ ತುದಿಯಲ್ಲಿತ್ತು. 1974ರಲ್ಲಿ ಅದನ್ನು ಕೆಡವಿದರು.

ಹಳ್ಳಿಯ ಹತ್ತಿ ಹೊಲಗಳ ಸಂಗೀತ ಎನ್ನುತ್ತೀರಿ, ಮತ್ತೆ ಶಿಕಾಗೊ ಬ್ಲೂಸ್ ಎನ್ನುತ್ತೀರಿ. ಇವೆರಡೂ ಒಂದೇ ಹೇಗೆ?
— ಶಿವಮೊಗ್ಗದ ನಿವೃತ್ತ ಉಪನ್ಯಾಸಕರು

ಒಂದೇ ಅಲ್ಲ, ಒಂದರಿಂದ ಇನ್ನೊಂದು ಹುಟ್ಟಿತು. ಮೊದಲ ಮಹಾಯುದ್ಧದ ಕಾಲದಿಂದ 1970ರವರೆಗೆ ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಸುಮಾರು 60 ಲಕ್ಷ ಕಪ್ಪು ಜನರು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ವಲಸೆ ಹೋದರು. ಗೇಣಿಯ ಸಾಲ, ಬಣ್ಣದ ಕಟ್ಟುಪಾಡು, ಗುಂಪುಹತ್ಯೆಯ ಭಯ ಅವರನ್ನು ಊರು ಬಿಡಿಸಿದವು. ಕಸಾಯಿಖಾನೆ ಮತ್ತು ಉಕ್ಕಿನ ಕಾರ್ಖಾನೆಗಳ ಕೂಲಿ ಕೈಬೀಸಿ ಕರೆಯಿತು. ಶಿಕಾಗೊದಲ್ಲಿ 1910ರಲ್ಲಿ ಸುಮಾರು 44,000ದಷ್ಟಿದ್ದ ಕಪ್ಪು ಜನರ ಸಂಖ್ಯೆ 1960ರ ಹೊತ್ತಿಗೆ 8 ಲಕ್ಷವನ್ನು ದಾಟಿತ್ತು. ಮಿಸಿಸಿಪ್ಪಿಯವರು ಶಿಕಾಗೊಗೇ ಹೆಚ್ಚಾಗಿ ಬಂದುದಕ್ಕೆ ರೈಲುಹಳಿ ನೇರವಾಗಿ ಅಲ್ಲಿಗೇ ಹೋಗುತ್ತಿದ್ದುದು ಒಂದು ಕಾರಣವಾದರೆ, ಅಲ್ಲಿಂದ ಪ್ರಕಟವಾಗುತ್ತಿದ್ದ ‘ಶಿಕಾಗೊ ಡಿಫೆಂಡರ್’ ಪತ್ರಿಕೆ ಇನ್ನೊಂದು ಕಾರಣ. ರೈಲಿನ ಕಪ್ಪು ಸೇವಕರು ಆ ಪತ್ರಿಕೆಯನ್ನು ದಕ್ಷಿಣದ ಊರೂರಿಗೆ ಗುಟ್ಟಾಗಿ ಮುಟ್ಟಿಸುತ್ತಿದ್ದರು.

ಮಡ್ಡಿ ವಾಟರ್ಸ್ ಬಂದದ್ದು 1943ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿಯ ಸ್ಟೋವಾಲ್ ತೋಟಕ್ಕೆ ಹೋಗಿ ಅವರ ಹಾಡನ್ನು ಮುದ್ರಿಸಿಕೊಂಡಿದ್ದರು. ಆಗ ಅವರ ಕೈಯಲ್ಲಿದ್ದುದು ಮರದ ಸಾಮಾನ್ಯ ಗಿಟಾರ್. ಮನೆಯ ಜಗಲಿಯಲ್ಲಿ ಆ ಗಿಟಾರ್ ಸಾಕು. ದಿನವಿಡೀ ದುಡಿದು ಬಂದ ಜನರು ಕುಡಿದು, ಹರಟಿ, ಕುಣಿಯುವ ಶಿಕಾಗೊದ ಬಾರಿನಲ್ಲಿ ಅದು ಪಕ್ಕದ ಮೇಜಿಗೂ ಕೇಳಿಸದು. ಹೀಗಾಗಿ ವಿದ್ಯುತ್ ಗಿಟಾರ್ ಬಂತು, ಜೊತೆಗೆ ಡ್ರಮ್ಸ್, ಪಿಯಾನೊ, ಬೇಸ್ ಬಂದವು. ಮಡ್ಡಿ ವಾಟರ್ಸ್ ತಂಡದ ಲಿಟ್ಲ್ ವಾಲ್ಟರ್ ಮೌತಾರ್ಗನ್ನನ್ನೂ ಅಗ್ಗದ ಮೈಕನ್ನೂ ಒಂದೇ ಬೊಗಸೆಯಲ್ಲಿ ಅದುಮಿ ಹಿಡಿದು ಊದಿದಾಗ ಆಂಪ್ಲಿಫೈಯರಿನಿಂದ ಹೊರಟ ಒರಟು, ತುಂಬು ನಾದ ಸ್ಯಾಕ್ಸೊಫೋನಿಗೆ ಸರಿಸಮನಾಗಿ ನಿಂತಿತು. ಶಿಕಾಗೊ ಬ್ಲೂಸ್ ಎಂದರೆ, ನನ್ನ ಮಟ್ಟಿಗೆ, ಗದ್ದಲವನ್ನು ಗೆಲ್ಲಬೇಕಾಗಿ ಬಂದ ಹಳ್ಳಿಯ ಹಾಡು.

ಮ್ಯಾಕ್ಸ್‌ವೆಲ್ ಬೀದಿಯ ಭಾನುವಾರದ ಸಂತೆಯನ್ನೂ ಇಲ್ಲಿ ಹೇಳಲೇಬೇಕು. ಹೊಸದಾಗಿ ಬಂದ ವಾದ್ಯಗಾರರು ಅಕ್ಕಪಕ್ಕದ ಮನೆಯವರಿಗೆ, ಅಂಗಡಿಯವರಿಗೆ ಒಂದಿಷ್ಟು ಕಾಸು ಕೊಟ್ಟು, ಕಿಟಕಿಯಿಂದ ವೈರು ಎಳೆದು, ಬೀದಿಯಲ್ಲೇ ನುಡಿಸುತ್ತಿದ್ದರು. ಪಕ್ಕದ ವಿಶ್ವವಿದ್ಯಾಲಯದ ವಿಸ್ತರಣೆಗಾಗಿ 1994ರಲ್ಲಿ ಆ ಸಂತೆಯನ್ನು ಎಬ್ಬಿಸಲಾಯಿತು. ಮುಂದಿನ ಕೆಲವು ವರ್ಷಗಳಲ್ಲಿ ಹಳೆಯ ಕಟ್ಟಡಗಳೂ ನೆಲಸಮವಾದವು. ಬೇರೆ ಎರಡು ಬೀದಿಗಳಲ್ಲಿ ಸುತ್ತಾಡಿದ ಸಂತೆ 2024ರಲ್ಲಿ ಮತ್ತೆ ಮ್ಯಾಕ್ಸ್‌ವೆಲ್ ಬೀದಿಗೆ ಮರಳಿದೆ. ಮರಳಿರುವುದು ಸಂತೆ, ವೈರು ಎಳೆದುಕೊಳ್ಳಲು ಬಿಡುತ್ತಿದ್ದ ಆ ಮನೆಗಳಲ್ಲ.

ಬ್ಲೂಸ್‌ನಲ್ಲಿ ಒಂದೇ ಸಾಲನ್ನು ಎರಡು ಬಾರಿ ಹಾಡುತ್ತಾರೆ. ಠುಮ್ರಿ ಕೇಳಿ ಬೆಳೆದ ನನಗೆ ಇದು ಪರಿಚಿತವೆನಿಸಿತು. ಇದರ ಲೆಕ್ಕಾಚಾರವನ್ನು ನಮ್ಮ ಪರಿಭಾಷೆಯಲ್ಲಿ ತಿಳಿಸಬಹುದೇ?
— ಧಾರವಾಡದ ಓದುಗರೊಬ್ಬರು

ಸಾಮಾನ್ಯ ರೂಪವನ್ನು ಹೀಗೆ ತಿಳಿಯಬಹುದು. ಒಂದು ಚರಣಕ್ಕೆ ಮೂರು ಸಾಲು. ಎರಡನೆಯ ಸಾಲು ಮೊದಲನೆಯದರ ಪುನರುಕ್ತಿ, ಮೂರನೆಯದು ಅದಕ್ಕೆ ಸಿಗುವ ಉತ್ತರ. ಪ್ರತಿ ಸಾಲಿಗೆ 16 ಮಾತ್ರೆ, ಹೀಗೆ ಒಟ್ಟು 48. ಮೂರು ತೀನ್ ತಾಲ್ ಆವರ್ತನಗಳನ್ನು ಜೋಡಿಸಿದಂತೆ ಎಂದುಕೊಳ್ಳಿ. ಗಾಯಕರು ಸಾಲಿನ ಸುಮಾರು ಅರ್ಧ ಭಾಗವನ್ನಷ್ಟೇ ಹಾಡಿ ಉಳಿದದ್ದನ್ನು ಗಿಟಾರಿಗೋ ಮೌತಾರ್ಗನ್ನಿಗೋ ಬಿಟ್ಟುಕೊಡುತ್ತಾರೆ. ಆ ವಾದ್ಯ ಮಾತಿಗೆ ಮಾತು ಸೇರಿಸುತ್ತದೆ. ಎರಡನೆಯ ಸಲ ಮಾತು ಅದೇ ಆದರೂ ಅದರ ಕೆಳಗಿನ ನೆಲ ಬದಲಾಗಿರುತ್ತದೆ: ಮೊದಲ ಸಾಲಿಗೆ ಷಡ್ಜ ಆಧಾರವಾಗಿದ್ದರೆ ಎರಡನೆಯದು ಮಧ್ಯಮದ ಮೇಲೆ ಆರಂಭವಾಗಿ ಷಡ್ಜಕ್ಕೆ ಮರಳುತ್ತದೆ, ಮೂರನೆಯದು ಪಂಚಮದಿಂದ ಹೊರಟು, ಮಧ್ಯಮವನ್ನು ಹಾದು, ಮನೆಗೆ ಬರುತ್ತದೆ. ಠುಮ್ರಿಯಲ್ಲಿ ಸ್ವರವನ್ನು ತಿರುಗಿಸಿ ಅರ್ಥವನ್ನು ಬದಲಿಸುತ್ತಾರೆ, ಇಲ್ಲಿ ಆಧಾರವನ್ನೇ ತಿರುಗಿಸುತ್ತಾರೆ. ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ನಿಲ್ಲುವ ಒಂದು ಸ್ವರ ಬ್ಲೂಸ್‌ನ ಜೀವ. ಅದನ್ನು ಗಿಟಾರಿನಲ್ಲಿ ತಂತಿಯನ್ನು ಪಕ್ಕಕ್ಕೆ ತಳ್ಳಿ ಹೊರಡಿಸುತ್ತಾರೆ. ಸಿತಾರಿನ ಮೀಂಡ್ ಕೇಳಿದ ಕಿವಿಗೆ ಇದು ಹತ್ತಿರವೆನಿಸುವುದು ಸಹಜವಾದರೂ ಇವೆರಡಕ್ಕೆ ವಂಶಾವಳಿಯ ನಂಟು ಕಲ್ಪಿಸುವುದು ಬೇಡ.

ಮಡ್ಡಿ ವಾಟರ್ಸ್ ಅವರ ಮನೆ ವಸ್ತುಸಂಗ್ರಹಾಲಯವಾಗುತ್ತಿದೆ ಎಂಬ ಸುದ್ದಿ ಓದಿದೆ. ಹಳೆಯ ಜಾಗಗಳಲ್ಲಿ ಉಳಿದಿರುವುದು ಯಾವುದು, ಹೋದದ್ದು ಯಾವುದು?
— ಬೆಂಗಳೂರಿನ ಜಯನಗರದಿಂದ

ನಗರದ ದಕ್ಷಿಣ ಭಾಗದ ಲೇಕ್ ಪಾರ್ಕ್ ಅವೆನ್ಯೂದಲ್ಲಿರುವ ಆ ಎರಡಂತಸ್ತಿನ ಇಟ್ಟಿಗೆಯ ಮನೆಯಲ್ಲಿ ಅವರು 1950ರ ದಶಕದಿಂದ ಸುಮಾರು 20 ವರ್ಷ ವಾಸವಾಗಿದ್ದರು. ಅದರ ನೆಲಮಾಳಿಗೆಯಲ್ಲಿ ತಾಲೀಮು ನಡೆಯುತ್ತಿತ್ತು. ಊರಿಂದ ಬಂದ ಎಷ್ಟೋ ವಾದ್ಯಗಾರರಿಗೆ ಅಲ್ಲೇ ಊಟ, ಅಲ್ಲೇ ನಿದ್ದೆ. ಆಮೇಲೆ ಹಾಳುಬಿದ್ದಿದ್ದ ಆ ಮನೆಗೆ 2021ರಲ್ಲಿ ನಗರಸಭೆ ಸಂರಕ್ಷಿತ ಕಟ್ಟಡದ ಮಾನ್ಯತೆ ನೀಡಿತು. ಅವರ ಮರಿಮಗಳು ಮುಂದೆ ನಿಂತು ಅದನ್ನು ವಸ್ತುಸಂಗ್ರಹಾಲಯವಾಗಿಸುವ ಕೆಲಸ ಕೈಗೊಂಡಿದ್ದಾರೆ. ಹೋಗುವ ಮುನ್ನ ಒಳಗೆ ಪ್ರವೇಶವಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಿಶ್ಚಿಂತೆಯಿಂದ ನೋಡಬಹುದಾದದ್ದು 2120 ದಕ್ಷಿಣ ಮಿಶಿಗನ್ ಅವೆನ್ಯೂ. ಪೋಲೆಂಡಿನಿಂದ ಬಾಲ್ಯದಲ್ಲೇ ಬಂದ ಯಹೂದಿ ಸೋದರರಾದ ಲಿಯೊನಾರ್ಡ್ ಮತ್ತು ಫಿಲ್ ಚೆಸ್ ಅವರ ಚೆಸ್ ರೆಕಾರ್ಡ್ಸ್ ಕಂಪನಿಯ ಸ್ಟುಡಿಯೊ 1957ರಿಂದ ಸುಮಾರು ಹತ್ತು ವರ್ಷ ಅಲ್ಲಿತ್ತು. 1964ರಲ್ಲಿ ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ ತಂಡದ ಹುಡುಗರು ತಮ್ಮ ಗುರುಗಳ ಗುಡಿಗೆ ಬಂದಂತೆ ಅಲ್ಲಿಗೆ ಬಂದು ಹಾಡು ಮುದ್ರಿಸಿ, ಒಂದು ವಾದ್ಯರಚನೆಗೆ ಆ ವಿಳಾಸವನ್ನೇ ಹೆಸರಾಗಿ ಇಟ್ಟರು. ಚೆಸ್ ಕಂಪನಿಯ ಮುಖ್ಯ ಗೀತರಚನಕಾರರಾಗಿದ್ದ ವಿಲ್ಲಿ ಡಿಕ್ಸನ್ ಸ್ಥಾಪಿಸಿದ ಪ್ರತಿಷ್ಠಾನ ಈಗ ಆ ಕಟ್ಟಡದಲ್ಲಿದೆ. ಅದನ್ನು ಕೊಂಡು ಉಳಿಸಿದವರು ಅವರ ಪತ್ನಿ ಮೇರಿ ಡಿಕ್ಸನ್. ಹಾಡು ಬರೆದವರಿಗೆ ಸಲ್ಲಬೇಕಾದ ಗೌರವಧನ ಸಲ್ಲುವಂತೆ ನೆರವಾಗುವುದು ಆ ಪ್ರತಿಷ್ಠಾನದ ಉದ್ದೇಶಗಳಲ್ಲಿ ಒಂದು. ಡಿಕ್ಸನ್ ಸ್ವತಃ ತಮ್ಮ ಹಾಡುಗಳ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದಿತ್ತು.

ಹೋದವುಗಳ ಪಟ್ಟಿ ದೊಡ್ಡದು. 43ನೆಯ ಬೀದಿಯಲ್ಲಿ 1972ರಲ್ಲಿ ಗಿಟಾರ್ ವಾದಕ ಬಡ್ಡಿ ಗೈ ಪಾಲುದಾರರಾಗಿ ತೆರೆದ ಚೆಕರ್‌ಬೋರ್ಡ್ ಲೌಂಜ್ ಆಮೇಲೆ ಹೈಡ್ ಪಾರ್ಕ್ ಬಡಾವಣೆಗೆ ಹೋಗಿ ಅಲ್ಲೂ ಮುಚ್ಚಿಕೊಂಡಿತು. ಥೆರೆಸಾಸ್ ಎಂಬ ನೆಲಮಾಳಿಗೆಯ ಬಾರು 1980ರ ದಶಕದಲ್ಲೇ ಹೋಯಿತು. 43ನೆಯ ಬೀದಿಗೆ ಮಡ್ಡಿ ವಾಟರ್ಸ್ ಹೆಸರಿನ ಫಲಕವಿದೆ. ಆ ಸಂಗೀತ ಕೇಳಬೇಕೆಂದರೆ ಮಾತ್ರ ಹೆಚ್ಚಾಗಿ ಬೇರೆ ಬಡಾವಣೆಗೇ ಹೋಗಬೇಕು.

ನಾನು ಇಲ್ಲೇ ಶಿಕಾಗೊದಲ್ಲಿ ಕೆಲಸದಲ್ಲಿದ್ದೇನೆ. ಉತ್ತರ ಭಾಗದ ಕ್ಲಬ್ಬುಗಳಿಗೆ ಹೋದರೆ ವೇದಿಕೆಯ ಮೇಲೆ ಕಪ್ಪು ಕಲಾವಿದರು, ಕೆಳಗೆ ಬಹುಪಾಲು ಬಿಳಿಯರು ಮತ್ತು ನನ್ನಂಥ ಪ್ರವಾಸಿ ಮುಖಗಳು. ಇದು ನಿಜವಾದ ಬ್ಲೂಸ್ ಅಲ್ಲ ಎಂದು ಗೆಳೆಯರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?
— ಶಿಕಾಗೊದಿಂದ ಕನ್ನಡಿಗರೊಬ್ಬರು

ನೀವು ಕಂಡದ್ದು ಸರಿ. ಗೆಳೆಯರ ತೀರ್ಪನ್ನು ನಾನು ಒಪ್ಪಲಾರೆ. ಕಾರ್ಖಾನೆಗಳು ಮುಚ್ಚಿ ದಕ್ಷಿಣ ಭಾಗದ ಜನರ ಕೈಯಲ್ಲಿ ಹಣ ಉಳಿಯದೆ ಹೋದದ್ದು, ಅಲ್ಲಿನ ಕಿರಿಯರು ಸೋಲ್ ಸಂಗೀತಕ್ಕೂ ಮುಂದೆ ಹೌಸ್ ಮತ್ತು ಹಿಪ್‌ಹಾಪ್‌ಗೂ ಒಲಿದದ್ದು, ಅದೇ ಹೊತ್ತಿಗೆ ಬ್ಲೂಸ್ ಕೇಳುವ ಬಿಳಿಯ ಯುವಕರ ಸಂಖ್ಯೆ ಬೆಳೆದದ್ದು, ಇವೆಲ್ಲ ಸೇರಿ ಈ ಸಂಗೀತವನ್ನು ಹಾಡುವವರ ಓಣಿಯಿಂದ ಕೇಳುವವರ ಓಣಿಗೆ ಎತ್ತಿಕೊಂಡು ಬಂದವು. ಹ್ಯಾಲ್ಸ್‌ಟೆಡ್ ಬೀದಿಯ ಕಿಂಗ್‌ಸ್ಟನ್ ಮೈನ್ಸ್ 1968ರಷ್ಟು ಹಳೆಯದು. ಎರಡು ವೇದಿಕೆಗಳಿರುವುದರಿಂದ ಒಂದು ತಂಡ ವಿರಮಿಸುವಾಗ ಇನ್ನೊಂದು ನುಡಿಸುತ್ತದೆ, ಬೆಳಗಿನ ಜಾವದವರೆಗೂ ಬಾಗಿಲು ತೆರೆದಿರುತ್ತದೆ. ಆರ್ಮಿಟೇಜ್ ಅವೆನ್ಯೂದ ರೋಸಾಸ್ ಲೌಂಜನ್ನು 1984ರಲ್ಲಿ ತೆರೆದವರು ಇಟಲಿಯ ಮಿಲಾನ್‌ನಿಂದ ಬಂದ ಡ್ರಮ್ಮರ್ ಟೋನಿ ಮಾಂಜುಲ್ಲೊ ಮತ್ತು ಅವರ ತಾಯಿ ರೋಸಾ. ಇಂಥ ಜಾಗಗಳಿಲ್ಲದಿದ್ದರೆ ಎಷ್ಟೋ ಹಿರಿಯರು ವೇದಿಕೆಯೇ ಇಲ್ಲದೆ ತೀರಿಹೋಗುತ್ತಿದ್ದರು. ಆದರೆ ಪ್ರವಾಸಿಗರು ಕೇಳುವುದು ತಮಗೆ ಗೊತ್ತಿರುವ ಹತ್ತು ಹಾಡುಗಳನ್ನೇ. ಪ್ರತಿ ರಾತ್ರಿ ಅವನ್ನೇ ಹಾಡಬೇಕಾದ ಕಲಾವಿದರು ತಮ್ಮ ಹೊಸ ಹಾಡನ್ನು ಜೇಬಿನಲ್ಲೇ ಇಟ್ಟುಕೊಂಡು ಮನೆಗೆ ಹೋಗುತ್ತಾರೆ. ನನಗೆ ಬೇಸರ ತರಿಸುವುದು ಕೇಳುಗರ ಬಣ್ಣವಲ್ಲ, ಅವರ ಈ ಫರ್ಮಾಯಿಷಿ.

ಸಂಪಾದನೆಯ ಬಗ್ಗೆಯೂ ಒಂದು ಮಾತು. ಅಲಿಗೇಟರ್ ಎಂಬ ಧ್ವನಿಮುದ್ರಣ ಸಂಸ್ಥೆಯಿಂದ ಆಲ್ಬಂಗಳನ್ನು ತಂದು, ವಿದೇಶದ ಉತ್ಸವಗಳಲ್ಲಿ ಹಾಡಿದ ಟೊರೊಂಜೊ ಕ್ಯಾನನ್ ಬಹುಕಾಲ ಶಿಕಾಗೊದ ನಗರ ಸಾರಿಗೆ ಬಸ್ಸಿನ ಚಾಲಕರಾಗಿದ್ದರು. ರಜೆಗಳನ್ನು ಕೂಡಿಟ್ಟುಕೊಂಡು ಪ್ರವಾಸ ಮಾಡುತ್ತಿದ್ದರು. ಆದ್ದರಿಂದ ಟಿಪ್ಸ್ ಡಬ್ಬಿ ನಿಮ್ಮ ಮೇಜಿಗೆ ಬಂದಾಗ ಮುಖ ತಿರುಗಿಸಬೇಡಿ.

ಈ ಲೋಕದಲ್ಲಿ ಹೆಂಗಸರು ಇಲ್ಲವೇ?
— ಮಂಗಳೂರಿನ ಓದುಗರೊಬ್ಬರು

ಇದ್ದಾರೆ, ನಾನೇ ಹಿಂದಿನ ಟಿಪ್ಪಣಿಯಲ್ಲಿ ಬಿಟ್ಟಿದ್ದೆ, ತಪ್ಪು ನನ್ನದು. ಟೆನೆಸಿಯ ಹೊಲಗಳಿಂದ ಬಂದು, ಶ್ರೀಮಂತರ ಮನೆಗೆಲಸ ಮಾಡುತ್ತ, ರಾತ್ರಿ ಹಾಡುತ್ತಿದ್ದ ಕೋಕೊ ಟೇಲರ್ 2009ರಲ್ಲಿ ತೀರಿಕೊಳ್ಳುವವರೆಗೆ ಈ ನಗರದ ಬ್ಲೂಸ್ ರಾಣಿ ಎನಿಸಿಕೊಂಡಿದ್ದರು. ಶೆಮೀಕಿಯಾ ಕೋಪ್‌ಲ್ಯಾಂಡ್ ಹಾಡುಗಳಲ್ಲಿ ಬಂದೂಕು, ವರ್ಣಭೇದ, ವಲಸೆ ಎಲ್ಲವೂ ಬರುತ್ತವೆ. ಬ್ಲೂಸ್ ಎಂದರೆ ಕೈಕೊಟ್ಟ ಪ್ರೇಮಿಯ ಗೋಳು ಮಾತ್ರ ಎನ್ನುವವರು ಅವರನ್ನು ಕೇಳಬೇಕು.

ಬಡ್ಡಿ ಗೈ ಅವರಿಗೆ 90ರ ಆಸುಪಾಸು. ಅವರ ನಂತರ ಯಾರು?
— ಹುಬ್ಬಳ್ಳಿಯಿಂದ

1936ರಲ್ಲಿ ಲೂಯಿಸಿಯಾನಾದಲ್ಲಿ ಹುಟ್ಟಿ, 1957ರಲ್ಲಿ ಶಿಕಾಗೊಗೆ ಬಂದ ಅವರು ಮುಂಬಯಿಯ ಮಹೀಂದ್ರ ಬ್ಲೂಸ್ ಉತ್ಸವದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಹಾಡಿರುವುದರಿಂದ ನಮ್ಮಲ್ಲೂ ಕೆಲವರು ಅವರನ್ನು ಕಣ್ಣಾರೆ ಕಂಡಿದ್ದಾರೆ. 2023ರಲ್ಲಿ ವಿದಾಯದ ಪ್ರವಾಸ ಹೊರಟರು. ಆದರೂ ವಾಬಾಶ್ ಅವೆನ್ಯೂದಲ್ಲಿರುವ ಅವರ ‘ಲೆಜೆಂಡ್ಸ್’ ಕ್ಲಬ್ಬಿನಲ್ಲಿ ಜನವರಿಯ ರಾತ್ರಿಗಳಲ್ಲಿ ಹಾಡುವ ರೂಢಿಯನ್ನು ಬಿಟ್ಟುಕೊಟ್ಟಿಲ್ಲ.

ನಂತರ ಯಾರು ಎಂಬುದಕ್ಕೆ ಒಂದೇ ಹೆಸರು ಹೇಳುವುದು ಕಷ್ಟ, ಹೇಳಬೇಕಾಗಿಯೂ ಇಲ್ಲ. ಮಡ್ಡಿ ವಾಟರ್ಸ್ ತಂಡದಲ್ಲಿ ನುಡಿಸಿದ್ದ ಜಾನ್ ಪ್ರೈಮರ್, ಮೌತಾರ್ಗನ್ ವಾದಕ ಕ್ಯಾರಿ ಬೆಲ್ ಅವರ ಮಗ ಲರಿ ಬೆಲ್, ಗಾಯಕ ಲಾನಿ ಬ್ರೂಕ್ಸ್ ಅವರ ಗಂಡುಮಕ್ಕಳಾದ ರಾನಿ ಮತ್ತು ವೇಯ್ನ್ ನುಡಿಸುತ್ತಿದ್ದಾರೆ. ಮೌತಾರ್ಗನ್ ವಾದಕ ಬಿಲ್ಲಿ ಬ್ರಾಂಚ್ 1970ರ ದಶಕದ ಕೊನೆಯಿಂದ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಈ ಸಂಗೀತ ಕಲಿಸುತ್ತ ಬಂದಿದ್ದಾರೆ. ಇವರೆಲ್ಲರಲ್ಲಿ ನಾನು ಹೆಚ್ಚು ಭರವಸೆ ಇಡುವುದು ಅವರ ಆ ತರಗತಿಗಳ ಮೇಲೆ. ನೀವು ಶಿಕಾಗೊಗೆ ಹೋದಾಗ ದೊಡ್ಡ ಹೆಸರಿಗಾಗಿ ಶನಿವಾರದವರೆಗೆ ಕಾಯಬೇಡಿ. ವಾರದ ನಡುವೆ ಯಾವುದಾದರೂ ಸಣ್ಣ ಕ್ಲಬ್ಬಿಗೆ ಹೋಗಿ, ಬಾಗಿಲಲ್ಲಿ ಕವರ್ ಚಾರ್ಜ್ ಕೊಟ್ಟು, ವೇದಿಕೆಗೆ ಹತ್ತಿರವಾಗಿ ಕುಳಿತುಕೊಳ್ಳಿ. ಜನ ಕಡಿಮೆ ಇರುವ ರಾತ್ರಿಗಳಲ್ಲೇ ಕಲಾವಿದರು ಆ ಹೊಸ ಹಾಡನ್ನು ಜೇಬಿನಿಂದ ತೆಗೆಯುವುದು.