ಮನೇಲೇ ಓದಿದ ಮಗು ಕೇಂಬ್ರಿಡ್ಜ್, ಎಂಐಟಿಗೆ ಅಪ್ಲೈ ಮಾಡ್ಬಹುದಾ? ಸಲಾಲಾದಿಂದ ನಮ್ಮ ಅನುಭವ

ನೀವು ಕೇಳಿರೋದು: ಜಾಂಬಿಯಾದ ಲುಸಾಕಾದಲ್ಲಿದ್ದೀವಿ, ಮಗಳಿಗೆ 14, ಮೂರು ವರ್ಷದಿಂದ ಮನೇಲೇ ಓದ್ತಿದ್ದಾಳೆ, ಮುಂದೆ ಇಂಗ್ಲೆಂಡಿನ ಕೇಂಬ್ರಿಡ್ಜೋ ಅಮೆರಿಕದ ಎಂಐಟಿನೋ ಅಂತ ಆಸೆ ಇದೆ, ಸ್ಕೂಲ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಬಾಗಿಲಲ್ಲೇ ವಾಪಸ್ ಕಳಿಸ್ತಾರಾ ಅಂತ. ಇಲ್ಲ, ಕಳಿಸಲ್ಲ. ಎರಡೂ ಕಡೆ ಹೋಂಸ್ಕೂಲ್ ಮಕ್ಕಳ ಅಪ್ಲಿಕೇಶನ್ ತಗೋತಾರೆ, ಎಂಐಟಿ ಅಂತೂ ಹೈಸ್ಕೂಲ್ ಡಿಪ್ಲೊಮಾ ಕಡ್ಡಾಯ ಅಂತ ಕೇಳೋದೇ ಇಲ್ಲ. ಆದ್ರೆ ಇಷ್ಟು ಕೇಳಿ ನೆಮ್ಮದಿಯಾಗಿ ಕೂತ್ಕೋಬೇಡಿ, ನಾನು ಹಾಗೆ ಕೂತು ಒಂದು ವರ್ಷ ಕಳ್ಕೊಂಡೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದ್ದೀನಿ.

ನಾವು ಹಾಸನದ ಕಡೆಯವರು, ಯಜಮಾನ್ರ ಕೆಲಸಕ್ಕೆ ಅಂತ ಒಮಾನ್‌ನ ಸಲಾಲಾದಲ್ಲಿದ್ದೀವಿ. ಮಗನ್ನ 11ನೇ ವಯಸ್ಸಿಂದ ಮನೇಲೇ ಓದಿಸಿದ್ದು, ಮ್ಯಾತ್ಸು ಸೈನ್ಸು ಅಪ್ಪ, ಉಳಿದಿದ್ದೆಲ್ಲ ನಾನು. ಅವನು ಓದ್ತಿದ್ದ, ಅದ್ರಲ್ಲಿ ನಂಗೆ ಅನುಮಾನ ಇರ್ಲಿಲ್ಲ. ಆದ್ರೆ ಅವನು ಓದ್ತಿದ್ದಾನೆ ಅನ್ನೋದು ಗೊತ್ತಿದ್ದಿದ್ದು ನಮ್ಮಿಬ್ಬರಿಗೆ ಮಾತ್ರ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಅಡ್ಮಿಷನ್ ಆಫೀಸಲ್ಲಿ ಕೂತಿರೋರಿಗೂ ಅದು ಚೆನ್ನಾಗಿ ಗೊತ್ತು. ಮನೆಯ ಹೊರಗಿನವರು ಯಾರಾದ್ರೂ ಸಾಕ್ಷಿ ಹೇಳ್ಬೇಕು, ಪರೀಕ್ಷೆ ಆಗ್ಲಿ ಮನುಷ್ಯರಾಗ್ಲಿ. ಸ್ಕೂಲಲ್ಲಿರೋ ಮಕ್ಕಳಿಗೆ ಆ ಸಾಕ್ಷಿ ತಾನಾಗೇ ಸಿಗತ್ತೆ, ನಮ್ಮ ಮಕ್ಕಳಿಗೆ ಎರಡು ಮೂರು ವರ್ಷ ಮುಂಚಿಂದ ಒಂದೊಂದಾಗಿ ಕೂಡಿಸ್ಬೇಕು.

ಮುಂಬೈನ ಮಾಳವಿಕಾ ಜೋಶಿ ವಿಷಯ ನೀವೂ ಕೇಳಿರ್ತೀರಿ, 2016ರಲ್ಲಿ ಹತ್ತನೇ ಕ್ಲಾಸ್, ಹನ್ನೆರಡನೇ ಕ್ಲಾಸ್ ಯಾವ ಸರ್ಟಿಫಿಕೇಟೂ ಇಲ್ಲದೆ ಎಂಐಟಿ ಸೇರಿದ ಹುಡುಗಿ. ಹನ್ನೆರಡನೇ ಕ್ಲಾಸ್ ಇಲ್ಲ ಅಂತ ಐಐಟಿಗೆ ಹೋಗೋ ಹಾಗಿರ್ಲಿಲ್ಲ. ನೋಡಿ ಸರ್ಟಿಫಿಕೇಟೇ ಬೇಡ ಅಂತ ಜನ ಈ ಕತೆ ಹೇಳ್ತಾರೆ, ನಂಗೂ ಎಷ್ಟೋ ಜನ ಹೇಳಿದ್ರು. ಆದ್ರೆ ಆ ಹುಡುಗಿ ಹತ್ರ ಇಂಟರ್‌ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಸ್ಪರ್ಧೆಯ ಮೂರು ಮೆಡಲ್ ಇತ್ತು! ಹೊರಗಿನ ಸಾಕ್ಷಿ ಅಂದ್ರೆ ಅದಕ್ಕಿಂತ ಗಟ್ಟಿ ಯಾವುದು ಬೇಕು? ನಮ್ಮ ಮಗನ ಹತ್ರ ಮೆಡಲ್ ಇರ್ಲಿಲ್ಲ, ಹಾಗಾಗಿ ಪರೀಕ್ಷೆ ಬೇಕೇ ಬೇಕು.

ಇಂಗ್ಲೆಂಡಿಗೆ ಅಂದ್ರೆ ಎ ಲೆವೆಲ್, ನಮ್ಮ ಹನ್ನೆರಡನೇ ಕ್ಲಾಸಿನಂಥ ಪರೀಕ್ಷೆ, ಅದನ್ನ ಪ್ರೈವೇಟ್ ಕ್ಯಾಂಡಿಡೇಟ್ ಆಗಿ, ಅಂದ್ರೆ ಸ್ಕೂಲಿಗೆ ಸೇರದೆ ಕಟ್ಟೋದು. ಇಲ್ಲಿ ನಾವು ದೊಡ್ಡದಾಗಿ ಎಡವಿದ್ವಿ. ನಾವು ಮೊದ್ಲು ಶುರು ಮಾಡಿದ್ದು ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್ ಅನ್ನೋ ಪರೀಕ್ಷಾ ಬೋರ್ಡ್‌ನ ಸಿಲಬಸ್, ಅದರ ಫಿಸಿಕ್ಸಲ್ಲಿ ಪೇಪರ್ 3 ಅಂತ ಇದೆ, ನಿಜವಾದ ಲ್ಯಾಬಲ್ಲಿ ಎರಡು ಗಂಟೆ ಸಾಮಾನು ಜೋಡಿಸಿ ರೀಡಿಂಗ್ ತಗೊಂಡು ಬರೆಯೋ ಪರೀಕ್ಷೆ, ನಾವು ಮಸ್ಕತ್ತಿನ ಪರೀಕ್ಷಾ ಸೆಂಟರಿಗೆ ಫೋನ್ ಮಾಡ್ದಾಗ ಪ್ರೈವೇಟ್ ಕ್ಯಾಂಡಿಡೇಟ್ ತಗೋತೀವಿ ಅಂದ್ರು, ಪ್ರಾಕ್ಟಿಕಲ್ ಮಾಡಿಸ್ತೀರಾ ಅಂತ ನಾನೂ ಕೇಳ್ಲಿಲ್ಲ ಅವರೂ ಹೇಳ್ಲಿಲ್ಲ, ರಿಜಿಸ್ಟ್ರೇಷನ್‌ಗೆ ಅಂತ ಸಾವಿರ ಕಿಲೋಮೀಟರ್ ಕಾರಲ್ಲಿ ಮಸ್ಕತ್ತಿಗೆ ಹೋದ್ರೆ ಕೌಂಟರಲ್ಲಿ ಹೇಳ್ತಾರೆ, ಹೊರಗಿನ ಮಕ್ಕಳಿಗೆ ಲ್ಯಾಬ್ ಕೊಡಲ್ಲ ಅಂತ. ವಾಪಸ್ ಬರುವಾಗ ಮಗ ದಾರಿ ಮಧ್ಯದ ಹೈಮಾ ಊರು ದಾಟೋವರೆಗೂ ಒಂದು ಮಾತಾಡ್ಲಿಲ್ಲ. ಆಮೇಲೆ ಹುಡುಕಿದಾಗ ಗೊತ್ತಾಯ್ತು, ಎಡೆಕ್ಸೆಲ್ ಅನ್ನೋ ಇನ್ನೊಂದು ಪರೀಕ್ಷಾ ಬೋರ್ಡ್‌ನ ಇಂಟರ್‌ನ್ಯಾಷನಲ್ ಎ ಲೆವೆಲಲ್ಲಿ ಪ್ರಾಕ್ಟಿಕಲ್ ಯೂನಿಟ್‌ಗಳು, ಅಂದ್ರೆ 3 ಮತ್ತು 6, ಬರವಣಿಗೆ ಪೇಪರ್ ಆಗಿರತ್ತೆ, ಲ್ಯಾಬ್ ಪರೀಕ್ಷೆ ಇಲ್ಲ. ಜೊತೆಗೆ ಯೂನಿಟ್ ಯೂನಿಟ್ ಆಗಿ ಜನವರಿ, ಮೇ-ಜೂನ್, ಅಕ್ಟೋಬರಲ್ಲಿ ಬರೀಬಹುದು, ಒಂದು ಕೆಟ್ರೆ ಅದನ್ನ ಮಾತ್ರ ಮತ್ತೆ ಬರೀಬಹುದು. ಸಿಲಬಸ್ ಬದಲಾಯಿಸಿದ್ವಿ. ನೀವು ಒಂದು ಪುಸ್ತಕ ಕೊಳ್ಳೋಕ್ ಮುಂಚೆನೇ ನಿಮ್ಮ ಊರಿನ ಸೆಂಟರ್‌ಗೆ ಈ ಪ್ರಶ್ನೆ ಬಿಡಿಸಿ ಕೇಳಿ, ಉತ್ತರ ಇಮೇಲಲ್ಲಿ ತರಿಸ್ಕೊಳ್ಳಿ.

ಎರಡನೇ ಪೆಟ್ಟು ಪ್ರಿಡಿಕ್ಟೆಡ್ ಗ್ರೇಡ್‌ದು. ಇಂಗ್ಲೆಂಡಿನ ಯೂನಿವರ್ಸಿಟಿಗಳಿಗೆ ಯುಕಾಸ್ ಅಂತ ಒಂದೇ ಫಾರ್ಮ್, ಐದು ಆಯ್ಕೆ, ಆಕ್ಸ್‌ಫರ್ಡ್ ಕೇಂಬ್ರಿಡ್ಜ್ ಎರಡರಲ್ಲಿ ಒಂದು ಮಾತ್ರ, ಅದಕ್ಕೆ ಅಕ್ಟೋಬರ್ 15 ಕೊನೇ ದಿನ. ಆ ಹೊತ್ತಿಗೆ ಪರೀಕ್ಷೆ ಮುಗಿದಿಲ್ಲ ಅಂದ್ರೆ ಈ ಹುಡುಗನಿಗೆ ಇಷ್ಟು ಗ್ರೇಡ್ ಬರಬಹುದು ಅಂತ ಟೀಚರ್ ಅಂದಾಜು ಕೊಡ್ಬೇಕು. ಜೊತೆಗೆ ಒಂದು ರೆಫರೆನ್ಸ್, ಅಂದ್ರೆ ಶಿಫಾರಸು ಪತ್ರ, ಅದನ್ನ ಮನೆಯವರು ಸ್ನೇಹಿತರು ಬರೆಯೋ ಹಾಗಿಲ್ಲ. ನಾನು ಟೀಚರ್ ಅಲ್ವಾ ನಾನೇ ಬರೀತೀನಿ ಅಂದ್ಕೊಂಡು 2023ರಲ್ಲಿ ಎಲ್ಲ ರೆಡಿ ಮಾಡಿಟ್ಕೊಂಡಿದ್ದೆ! ಪರೀಕ್ಷಾ ಸೆಂಟರ್ ನಮಗೆ ಹುಡುಗನ ಪರಿಚಯನೇ ಇಲ್ಲ ಅಂತು, ಆನ್‌ಲೈನಲ್ಲಿ ಕೆಮಿಸ್ಟ್ರಿ ಹೇಳ್ತಿದ್ದ ಟ್ಯೂಟರ್ ನಾಲ್ಕು ತಿಂಗಳ ಪರಿಚಯಕ್ಕೆ ಗ್ರೇಡ್ ಬರೆಯೋಕಾಗಲ್ಲ ಅಂದ್ರು, ಅವರದ್ದೂ ತಪ್ಪಿಲ್ಲ. ಆ ವರ್ಷ ಅಪ್ಲೈನೇ ಮಾಡ್ಲಿಲ್ಲ. 2024ರ ಬೇಸಿಗೆಗೆ ಎಲ್ಲ ಯೂನಿಟ್ ಮುಗಿಸಿ, ರಿಸಲ್ಟ್ ಕೈಯಲ್ಲಿ ಹಿಡ್ಕೊಂಡು ಆ ಅಕ್ಟೋಬರಲ್ಲಿ ಹಾಕಿದ್ವಿ. ಕೇಂಬ್ರಿಡ್ಜಲ್ಲಿ ಸೈನ್ಸಿಗೆ ಸಾಮಾನ್ಯವಾಗಿ ಕೇಳೋದು ಎರಡು ಎ ಸ್ಟಾರ್ (ಎಲ್ಲಕ್ಕಿಂತ ಮೇಲಿನ ಗ್ರೇಡ್), ಒಂದು ಎ, ಅವನಿಗೆ ಅಷ್ಟೇ ಬಂದಿತ್ತು. ರಿಸಲ್ಟ್ ಬಂದಿದ್ರೆ ಯಾರ ಅಂದಾಜೂ ಬೇಡ. ಮನೇಲಿ ಓದೋ ಮಕ್ಕಳಿಗೆ ಇದೇ ಸರಿಯಾದ ದಾರಿ ಅಂತ ನನ್ನ ಗಟ್ಟಿ ಅಭಿಪ್ರಾಯ, ಒಂದು ವರ್ಷ ಲೇಟಾದ್ರೂ.

ರೆಫರೆನ್ಸ್ ಯಾರು ಕೊಟ್ರು ಅಂತ ಹೇಳ್ಲೇಬೇಕು. ಸಲಾಲಾದಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಖರೀಫ್, ಅಂದ್ರೆ ಇಲ್ಲಿನ ಮಳೆಗಾಲ, ಅರಬ್ಬೀ ಸಮುದ್ರದಿಂದ ಮಂಜು ಬಂದು ಗುಡ್ಡಕ್ಕೆ ಬಡಿಯತ್ತೆ, ಮಲೆನಾಡಿನ ಆಷಾಢದ ತರ ಜಿನುಗ್ತಾ ಇರತ್ತೆ. ನನ್ನ ಮಗ 15ನೇ ವಯಸ್ಸಲ್ಲಿ ಪರಿಚಯದವರ ತೋಟದಲ್ಲಿ ನೈಲಾನ್ ಬಲೆ ಕಟ್ಟಿ, ಕೆಳಗೆ ಅರ್ಧ ಸೀಳಿದ ಪೈಪ್ ಇಟ್ಟು, ಮಂಜಿಂದ ದಿನಕ್ಕೆ ಎಷ್ಟು ನೀರು ಇಳಿಯತ್ತೆ ಅಂತ ಅಳೀತಿದ್ದ, ಎರಡು ಖರೀಫ್ ಪೂರ್ತಿ, ಒಂದು ಪದರದ ಬಲೆ, ಎರಡು ಪದರದ ಬಲೆ, ಗಾಳಿ ದಿಕ್ಕು ಎಲ್ಲ ನೋಟ್‌ಬುಕ್ಕಲ್ಲಿ. ಆ ತೋಟಕ್ಕೆ ಬರ್ತಿದ್ದ ನೀರಾವರಿ ಇಂಜಿನಿಯರ್ ಒಬ್ರು ಅದನ್ನ ನೋಡಿದ್ರು, ನಿನ್ನ ರೀಡಿಂಗಲ್ಲಿ ಇಲ್ಲಿ ತಪ್ಪಿದೆ ನೋಡು ಅಂತ ಹೇಳಿಕೊಟ್ರು, ಆಮೇಲೆ ಪ್ರತಿ ತಿಂಗಳು ಕೂರಿಸ್ಕೊಂಡು ಲೆಕ್ಕ ಕೇಳ್ತಿದ್ರು. ಯುಕಾಸ್ ರೆಫರೆನ್ಸ್ ಅವರೇ ಬರೆದ್ರು. ಎರಡು ವರ್ಷ ಕಣ್ಣಾರೆ ಕಂಡಿದ್ದನ್ನ ಬರೆದಿದ್ರಿಂದ ಅದಕ್ಕೆ ತೂಕ ಇತ್ತು. ನಿಮ್ಮ ಮಗಳಿಗೂ ಅಂಥ ಒಬ್ಬರು ಸಿಗ್ಬೇಕು, ಲೈಬ್ರರಿ, ಮ್ಯೂಸಿಯಂ, ಆಸ್ಪತ್ರೆ ಲ್ಯಾಬ್, ಎಲ್ಲಾದ್ರೂ ಆಗ್ಬಹುದು, ಈಗಿಂದ್ಲೇ ಅವಳನ್ನ ಹೊರಗೆ ಕಳಿಸಿ.

ಇನ್ನೊಂದು, ಕೇಂಬ್ರಿಡ್ಜ್ ಸೈನ್ಸಿಗೆ ಇಎಸ್‌ಎಟಿ ಅಂತ ಪರೀಕ್ಷೆ ಇದೆ, 2024ರಿಂದ ಶುರುವಾಗಿದ್ದು, ಅದಕ್ಕೆ ಬೇರೆ ರಿಜಿಸ್ಟ್ರೇಷನ್, ಅದು ಸೆಪ್ಟೆಂಬರಲ್ಲೇ ಮುಗಿಯತ್ತೆ. ನೆನಪಿಸೋಕೆ ಸ್ಕೂಲ್ ಇಲ್ಲ, ಕ್ಯಾಲೆಂಡರ್ ನೀವೇ ಇಡ್ಬೇಕು. ಮಗನ ಕಾಲದಲ್ಲಿ ಯುಕಾಸ್‌ನ ಪರ್ಸನಲ್ ಸ್ಟೇಟ್‌ಮೆಂಟ್, ಅಂದ್ರೆ ಮಗು ತನ್ನ ಬಗ್ಗೆ ಬರೆಯೋದು, ಒಂದೇ ಪ್ರಬಂಧ, 2026ರ ಅಡ್ಮಿಷನ್ನಿಂದ ಮೂರು ಪ್ರಶ್ನೆ ಮಾಡಿದ್ದಾರೆ, ಒಟ್ಟು ಅದೇ 4000 ಅಕ್ಷರ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಹೋಂಸ್ಕೂಲ್ ಮಗುವಿಗೆ ಅಪ್ಪ ಅಮ್ಮನೇ ಕೌನ್ಸೆಲರ್ ಆಗಿ ಸ್ಕೂಲ್ ರಿಪೋರ್ಟ್, ಟ್ರಾನ್ಸ್‌ಕ್ರಿಪ್ಟ್ (ಏನೇನು ಓದಿದ್ದು ಅನ್ನೋ ಪಟ್ಟಿ) ಬರೀಬಹುದು. ನಾನು ಬರೆದೆ, ಪ್ರತಿ ವಿಷಯಕ್ಕೂ ಯಾವ ಪುಸ್ತಕ, ಯಾವ ಪ್ರಯೋಗ, ಯಾರು ಕಲಿಸಿದ್ದು ಅಂತ ಹನ್ನೊಂದು ಪುಟ. ಮೊದಲ ಸಲ ಬರೆದಾಗ ಪೂರ್ತಿ ಹೊಗಳಿಕೆ ಆಗಿತ್ತು, ಅದನ್ನ ಅಳಿಸಿ ಬರೀ ನಡೆದಿದ್ದನ್ನ ಬರೆದೆ, ಹೊಗಳೋ ಕೆಲಸ ಹೊರಗಿನವರಿಗೆ ಬಿಟ್ಟೆ. ಎಂಐಟಿ ಇನ್ನೂ ಎರಡು ಪತ್ರ ಕೇಳತ್ತೆ, ಒಂದು ಮ್ಯಾತ್ಸ್ ಅಥವಾ ಸೈನ್ಸ್ ಟೀಚರ್‌ದು, ಇನ್ನೊಂದು ಭಾಷೆ, ಇತಿಹಾಸ ಅಂಥ ವಿಷಯದವರದ್ದು. ಎಸ್‌ಎಟಿ ಅಥವಾ ಎಸಿಟಿ ಅನ್ನೋ ಪ್ರವೇಶ ಪರೀಕ್ಷೆ 2022ರಿಂದ ಮತ್ತೆ ಕಡ್ಡಾಯ. ದುಡ್ಡಿನ ವಿಷಯ ನೀವು ಕೇಳಿಲ್ಲ ಆದ್ರೂ ಹೇಳ್ತೀನಿ, ಎಂಐಟಿ ವಿದೇಶಿ ಮಕ್ಕಳಿಗೂ ಮನೆಯ ಆದಾಯ ನೋಡದೆ ಸೀಟ್ ಕೊಡತ್ತೆ, ಸೀಟ್ ಕೊಟ್ಮೇಲೆ ಎಷ್ಟು ಸಹಾಯ ಬೇಕೋ ಅಷ್ಟೂ ಕೊಡತ್ತೆ. ಕೇಂಬ್ರಿಡ್ಜಲ್ಲಿ ಹೊರದೇಶದಿಂದ ಡಿಗ್ರಿ ಓದೋಕೆ ಬರೋ ಮಕ್ಕಳಿಗೆ ಸಹಾಯ ಬಹಳ ಕಡಿಮೆ, ಹೆಚ್ಚಿನವರು ಪೂರ್ತಿ ಫೀಸ್ ಕಟ್ಟೇ ಓದೋದು. ಈ ಲೆಕ್ಕ ಮಗಳ ಜೊತೆ ಈಗ್ಲೇ ಕೂತು ಮಾತಾಡಿ, ಆಫರ್ ಬಂದ್ಮೇಲೆ ಮಾತಾಡಿದ್ರೆ ಮಗುವಿಗೆ ತುಂಬಾ ನೋವಾಗತ್ತೆ.

ಊರಿಗೆ ವಾಪಸ್ ಬಂದು ಓದೋ ಯೋಚನೆ ಒಂದು ಚೂರಿದ್ರೂ ಹನ್ನೆರಡನೇ ಕ್ಲಾಸಿಗೆ ಸಮ ಅನ್ನೋ ಕಾಗದ ಒಂದಿರ್ಲಿ, ಎನ್‌ಐಒಎಸ್ (ಭಾರತ ಸರ್ಕಾರದ ಓಪನ್ ಸ್ಕೂಲ್) ಆಗ್ಲಿ ಎ ಲೆವೆಲ್ ಆಗ್ಲಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಮೂರೂ ಬಿಡ್ಬೇಡಿ.

ನಮ್ಮದು ಕೊನೆಗೆ ಏನಾಯ್ತು ಅಂದ್ರೆ, ಎಂಐಟಿ ಇಲ್ಲ ಅಂತು. ಕೇಂಬ್ರಿಡ್ಜ್ ಡಿಸೆಂಬರಲ್ಲಿ ಆನ್‌ಲೈನ್ ಇಂಟರ್‌ವ್ಯೂಗೆ ಕರೀತು, ಬಲೆ ಮೇಲೆ ಹನಿ ಯಾಕೆ ಕೂಡತ್ತೆ ಅನ್ನೋದನ್ನೂ ಕೇಳಿದ್ರಂತೆ, ಹೊರಗೆ ಬಂದಾಗ ಅವನ ಮುಖ ಅರಳಿತ್ತು, ಜನವರಿ ಕೊನೇಲಿ ಇಲ್ಲ ಅಂತ ಮೇಲ್ ಬಂತು. ಆ ರಾತ್ರಿ ನಾನು ಅತ್ತೆ. ಮನೇಲಿ ಓದಿಸಿದ್ದೇ ತಪ್ಪಾಯ್ತೇನೋ ಅನ್ನಿಸ್ತು. ಆದ್ರೆ ಇಂಟರ್‌ವ್ಯೂವರೆಗೆ ಕರೆದಿದ್ದು ಸ್ಕೂಲಿಲ್ಲದ ಹುಡುಗನ್ನೇ, ಎಲ್ಲೂ ಆ ಕಾರಣಕ್ಕೆ ಅವನನ್ನ ಬದಿಗಿಡ್ಲಿಲ್ಲ. ಈಗ ಮ್ಯಾಂಚೆಸ್ಟರಲ್ಲಿ ಫಿಸಿಕ್ಸ್ ಓದ್ತಿದ್ದಾನೆ, ಲ್ಯಾಬಲ್ಲಿ ಮೊದಲ ಎರಡು ತಿಂಗಳು ಕಷ್ಟ ಆಯ್ತಂತೆ, ಕೈ ಓಡ್ತಿರ್ಲಿಲ್ಲವಂತೆ, ಈಗ ಪರವಾಗಿಲ್ಲ ಅಂತಾನೆ. ಅದಕ್ಕೇ ಮತ್ತೆ ಹೇಳ್ತೀನಿ, ಪ್ರಾಕ್ಟಿಕಲ್ ಪರೀಕ್ಷೆ ಇಲ್ಲದ ಸಿಲಬಸ್ ತಗೊಂಡ್ರೂ ಎಲ್ಲಾದ್ರೂ ಒಂದು ಲ್ಯಾಬಲ್ಲಿ ವಾರಕ್ಕೊಂದು ದಿನ ಮಗಳ ಕೈಗೆ ಸಾಮಾನು ಕೊಡ್ಸಿ. ನನ್ನ ಆ ಹನ್ನೊಂದು ಪುಟ ನಿಮಗೆ ಮಾದರಿಗೆ ಬೇಕಿದ್ರೆ ಕೇಳಿ, ಅವನ ಹೆಸರು ತೆಗೆದು ಕಳಿಸ್ತೀನಿ.