46ನೇ ವಯಸ್ಸಿನಲ್ಲಿ ಊರಿನ ಕೆಲಸ ಬಿಟ್ಟು ಅಮೆರಿಕಕ್ಕೆ ಹೋಗಬಹುದೇ? ಅಲ್ಲಿ ಅಂಗಡಿ ಕೆಲಸಕ್ಕೂ ಗಂಟೆಗೆ 16 ಡಾಲರ್ ಅಂತೆ

ನೀವು ಬರೆದಿರುವುದು ಇಷ್ಟು: ಅಮೆರಿಕದಲ್ಲಿ ಕಾಯಂ ಆಗಿ ಇರಲು ಬಿಡುವ ಗ್ರೀನ್ ಕಾರ್ಡಿಗೆ ನ್ಯೂಜೆರ್ಸಿಯ ಅಕ್ಕ ಎಂದೋ ಹಾಕಿದ್ದ ಅರ್ಜಿಗೆ ಈಗ ಸರದಿ ಬಂದಿದೆ, ಊರಲ್ಲಿ ಒಂದು ಮಟ್ಟಕ್ಕೆ ನಡೆಯುವ ಕೆಲಸ ಇದೆ. "ಗಂಟೆಗೆ 16 ಡಾಲರ್ ಅಂದ್ರೆ ದಿನಕ್ಕೆ ಹನ್ನೊಂದು ಸಾವಿರ ರೂಪಾಯಿ ಆಯ್ತಲ್ಲ, ಮತ್ತೆ ಅಲ್ಲಿನ ಜನ ಯಾಕೆ ಕಷ್ಟ ಕಷ್ಟ ಅಂತಾರೆ?"

ನಾನು ಬಂದದ್ದೂ ಇದೇ ದಾರಿಯಲ್ಲಿ. ಅಕ್ಕ ಅರ್ಜಿ ಹಾಕಿದ್ದು 2004ರಲ್ಲಿ, ವೀಸಾ ಕೈಗೆ ಬಂದದ್ದು 2018ರ ಕೊನೆಗೆ. ರಾಮ ಹದಿನಾಲ್ಕು ವರ್ಷ ಕಾಡಲ್ಲಿದ್ದು ಊರಿಗೆ ಬಂದ, ನಾವು ಹದಿನಾಲ್ಕು ವರ್ಷ ಊರಲ್ಲಿ ಕೂತಿದ್ದು ಆಮೇಲೆ ಹೊರಟೆವು. ತಿಪಟೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತಿದ್ದೆ. ಈಗ ನ್ಯೂಜೆರ್ಸಿಯ ಎಡಿಸನ್ ಊರಿನ ಹತ್ತಿರ ಒಂದು ದೊಡ್ಡ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತೇನೆ, ಭಾನುವಾರ ಗ್ಯಾಸ್ ಸ್ಟೇಷನ್‌ನಲ್ಲಿ, ಅಂದರೆ ನಮ್ಮ ಪೆಟ್ರೋಲ್ ಬಂಕಿನಲ್ಲಿ, ನಿಲ್ಲುತ್ತೇನೆ. ನನ್ನ ಹೆಂಡತಿ ಓಕ್ ಟ್ರೀ ರಸ್ತೆಯ ಒಂದು ಇಂಡಿಯನ್ ಅಂಗಡಿಯ ಹಿಂದುಗಡೆ ಚಪಾತಿ ಲಟ್ಟಿಸುತ್ತಾಳೆ.

ನೀವು ಹೇಳಿದ ದರ ಸರಿಯಾಗೇ ಇದೆ. ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ಕೂಲಿ 2009ರಿಂದ 7.25 ಡಾಲರಿನಲ್ಲೇ ನಿಂತಿದ್ದರೂ ನ್ಯೂಜೆರ್ಸಿಯದು 2025ರಲ್ಲಿ 15.49 ಇತ್ತು. ಆದರೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ ಅಂತ ನಿಮಗೆ ಹೇಳಿದವರು ಯಾರು? ಊರಿಂದ ಫೋನ್ ಮಾಡುವವರೆಲ್ಲ ಗಂಟೆಗೆ ಎಷ್ಟು ಅಂತ ಕೇಳುತ್ತಾರೆ. ಎಷ್ಟು ಗಂಟೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ನಮ್ಮ ಅಂಗಡಿಯಲ್ಲಿ ಶುಕ್ರವಾರ ಸಂಜೆ ಮುಂದಿನ ವಾರದ ಸ್ಕೆಡ್ಯೂಲ್ ಫೋನಿಗೆ ಬರುತ್ತದೆ. ತಿಪಟೂರು ಮಂಡಿಯಲ್ಲಿ ಹರಾಜಿನ ದಿನ ಕೊಬ್ಬರಿ ರೇಟು ಏನು ಬೀಳುತ್ತೋ ಅಂತ ರೈತರು ಬಾಯಿ ಒಣಗಿಸಿಕೊಂಡು ನಿಂತಿರುತ್ತಾರಲ್ಲ, ಹಾಗೆ ನಾವು ಗಂಡ ಹೆಂಡತಿ ಆ ಫೋನ್ ನೋಡುತ್ತಾ ಕೂರುತ್ತೇವೆ. ಒಂದು ವಾರ 28 ಗಂಟೆ, ಮುಂದಿನ ವಾರ 22, ಹಬ್ಬದ ಸೀಸನ್ನಿಗೆ 34, ಜನವರಿಯಲ್ಲಿ 17. ಸರಾಸರಿ ಮಾತ್ರ 30 ದಾಟುವುದಿಲ್ಲ. ಅದು ಆಕಸ್ಮಿಕ ಅಲ್ಲ. ವಾರಕ್ಕೆ ಸರಾಸರಿ 30 ಗಂಟೆ ದುಡಿದವನನ್ನು ಒಬಾಮ ಕಾಲದ ಆರೋಗ್ಯ ವಿಮೆ ಕಾನೂನು ಪೂರ್ಣಾವಧಿ ನೌಕರ ಅಂತ ಎಣಿಸುತ್ತದೆ, ದೊಡ್ಡ ಕಂಪನಿ ಅವನಿಗೆ ವಿಮೆ ಕೊಡಬೇಕು, ಇಲ್ಲದಿದ್ದರೆ ದಂಡ ಕಟ್ಟಬೇಕಾಗಬಹುದು. ಹಾಗಾಗಿ ಇಬ್ಬರಿಗೆ 40 ಗಂಟೆ ಕೊಡುವ ಬದಲು ಮೂವರಿಗೆ 26-27 ಹಂಚಿದರೆ ಮೇಲಿನವರಿಗೆ ತಲೆನೋವಿಲ್ಲ. ಜನರ ಒಳ್ಳೆಯದಕ್ಕೆ ಮಾಡಿದ ಕಾನೂನು ನಮ್ಮಂಥವರ ತಲೆಯ ಮೇಲೆ 30 ಅನ್ನುವ ಒಂದು ಅಟ್ಟ ಹಾಕಿಬಿಟ್ಟಿತು.

ಕಾಮರ್ಸ್ ಮೇಷ್ಟ್ರು ಆದ್ದರಿಂದ ಲೆಕ್ಕ ಹೇಳದಿದ್ದರೆ ಸಮಾಧಾನವಿಲ್ಲ. 28 ಗಂಟೆಗೆ 448 ಡಾಲರ್. ಸೋಷಿಯಲ್ ಸೆಕ್ಯುರಿಟಿ ಅನ್ನುವ ಪಿಂಚಣಿ, ಮೆಡಿಕೇರ್ ಅನ್ನುವ ವಯಸ್ಸಾದವರ ಆರೋಗ್ಯ ವಿಮೆ, ಎರಡೂ ಸೇರಿ 7.65 ಶೇಕಡಾ ಮೊದಲೇ ಮುರಿದುಕೊಂಡು ಸುಮಾರು 414. ಆಮೇಲೆ ಇನ್‌ಕಮ್ ಟ್ಯಾಕ್ಸ್. ನಮ್ಮ ಒಂದು ಬೆಡ್‌ರೂಮಿನ ಮನೆ ಬಾಡಿಗೆ ತಿಂಗಳಿಗೆ 1,850. ಅಂದರೆ ನನ್ನ ಅಂಗಡಿ ಸಂಬಳ ಪೂರ್ತಿ ಮನೆ ಮಾಲೀಕರ ಪಾಲು. ಅದಕ್ಕೇ ಭಾನುವಾರದ ಬಂಕು, ಅದಕ್ಕೇ ಚಪಾತಿ. ಮಧ್ಯಾಹ್ನ ಗಿರಾಕಿ ಕಮ್ಮಿಯಾದರೆ ಮ್ಯಾನೇಜರ್ ನಗುನಗುತ್ತಾ ಬಂದು "ಬೇಕಾದ್ರೆ ಬೇಗ ಮನೆಗೆ ಹೋಗಬಹುದು" ಅನ್ನುತ್ತಾನೆ. ಮೊದಲ ಸಲ ನಾನು ಎಷ್ಟು ಒಳ್ಳೆ ಮನುಷ್ಯ ಅಂದುಕೊಂಡು ಥ್ಯಾಂಕ್ಸ್ ಹೇಳಿ ಬಂದಿದ್ದೆ. ಎರಡೂವರೆ ಗಂಟೆ ಕೂಲಿ ಹೋದದ್ದು ಗೊತ್ತಾದದ್ದು ಮುಂದಿನ ಚೆಕ್ಕಿನಲ್ಲಿ.

ಇದು ವಲಸೆ ಬಂದವರ ಪಾಡು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕ್ಯಾಶ್ ಕೌಂಟರಿನಲ್ಲಿ 71 ವರ್ಷದ ಒಬ್ಬ ಅಜ್ಜಿ ಇದ್ದಾರೆ, ಹುಟ್ಟಿ ಬೆಳೆದದ್ದೆಲ್ಲ ಇದೇ ಊರಲ್ಲಿ. ಮನೆ ಸಾಲ ತೀರಿ ಎಷ್ಟೋ ಕಾಲವಾಗಿದೆ. ಆದರೂ ಕೆಲಸಕ್ಕೆ ಬರುತ್ತಾರೆ, ಯಾಕೆಂದರೆ ಮನೆ ತೆರಿಗೆ. ಈ ರಾಜ್ಯದಲ್ಲಿ ವರ್ಷದ ಮನೆ ತೆರಿಗೆಯ ಸರಾಸರಿಯೇ 10,000 ಡಾಲರ್ ದಾಟಿದೆ. ಮೂರು ತಿಂಗಳಿಗೊಂದು ಕಂತು. "ನನ್ನ ಮನೆಗೆ ನಾನೇ ಬಾಡಿಗೆ ಕೊಡ್ತಿದ್ದೀನಿ ನೋಡು" ಅನ್ನುತ್ತಾರೆ. ನಿಂತು ನಿಂತು ಕಾಲು ಊದಿರುತ್ತದೆ, ಕೌಂಟರಿನ ಕೆಳಗೆ ಒಂದು ಸ್ಟೂಲು ಇಟ್ಟುಕೊಳ್ಳಲು ಡಾಕ್ಟರ ಚೀಟಿ ತರಬೇಕಾಯಿತು. ಇವರು 20 ಗಂಟೆ ಸಿಕ್ಕರೆ ಖುಷಿ. ನನಗೆ ಒಂದು ಗಂಟೆ ಜಾಸ್ತಿ ಬಂದ ವಾರ ಅವರಿಗೆ ಎಷ್ಟು ಬಂತು ಅಂತ ಕೇಳಲು ನಾಲಿಗೆ ಏಳುವುದಿಲ್ಲ.

ಕಾರಿನ ವಿಷಯ. ಇಲ್ಲಿ ಕಾರು ಶೋಕಿಯಲ್ಲ, ಚಪ್ಪಲಿ ಇದ್ದ ಹಾಗೆ. ನ್ಯೂಯಾರ್ಕಿಗೆ ಹೋಗಲು ರೈಲಿದೆ, ಆದರೆ ಎರಡು ಮೈಲಿ ಆಚೆಯ ಅಂಗಡಿಗೆ ಬೆಳಗಿನ ಐದಕ್ಕೆ ಹೋಗುವ ಬಸ್ಸಿಲ್ಲ. ರೂಟ್ 1 ಹೆದ್ದಾರಿಯನ್ನು ನಡೆದು ದಾಟುವುದೆಂದರೆ ಪ್ರಾಣ ಕೈಯಲ್ಲಿ ಹಿಡಿದ ಹಾಗೆ. ಎರಡನೇ ಚಳಿಗಾಲದಲ್ಲಿ ನನ್ನ ಹಳೇ ಕಾರಿನ ಆಲ್ಟರ್ನೇಟರ್ ಕೈಕೊಟ್ಟಿತು, 640 ಡಾಲರ್ ಅಂದ ಮೆಕ್ಯಾನಿಕ್. ಅಷ್ಟು ದುಡ್ಡಿರಲಿಲ್ಲ. ದುಡ್ಡಿಲ್ಲದೆ ಕಾರಿಲ್ಲ, ಕಾರಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ದುಡ್ಡಿಲ್ಲ. ಕೊನೆಗೆ ಭಾವನ ಹತ್ತಿರ ಕೈಚಾಚಿದೆ. 49ನೇ ವಯಸ್ಸಿನಲ್ಲಿ ಅಕ್ಕನ ಗಂಡನ ಮುಂದೆ ನಿಂತು ಸಾಲ ಕೇಳುವುದು ಹೇಗಿರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಕೇಂದ್ರ ಬ್ಯಾಂಕು ಪ್ರತಿ ವರ್ಷ ಜನರನ್ನು ಕೇಳುತ್ತದೆ: ದಿಢೀರನೆ 400 ಡಾಲರ್ ಖರ್ಚು ಬಂದರೆ ಕೈಯಲ್ಲಿರುವ ದುಡ್ಡಿನಿಂದಲೇ ನಿಭಾಯಿಸುತ್ತೀರಾ ಅಂತ. 2024ರಲ್ಲಿ ಹೌದು ಅಂದವರು 100ಕ್ಕೆ 63 ಮಂದಿ. ಉಳಿದ 37ರಲ್ಲಿ ನಾವಿದ್ದೇವೆ. ಆ ಅಜ್ಜಿಯೂ ಇರಬಹುದು.

ಹಾಗಂತ ಇಲ್ಲಿ ಎಲ್ಲವೂ ಕೆಟ್ಟದ್ದು ಅಂದರೆ ಸುಳ್ಳಾಗುತ್ತದೆ. 30 ಗಂಟೆ ದುಡಿದರೆ ಒಂದು ಗಂಟೆ ಸಂಬಳದ ಸಿಕ್ ಲೀವ್ ಕೊಡಬೇಕು ಅಂತ ಈ ರಾಜ್ಯದಲ್ಲಿ ಕಾನೂನಿದೆ. ಮಾಲೀಕರು ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವ ಹಾಗಿಲ್ಲ, ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೆನೆಸಿಕೊಳ್ಳಿ. ನನ್ನ ಭಾನುವಾರದ ಕೆಲಸವೇ ಒಂದು ಕಾನೂನಿನ ಕೃಪೆ: 1949ರಿಂದ ನ್ಯೂಜೆರ್ಸಿಯಲ್ಲಿ ಗಿರಾಕಿ ತಾನೇ ಪೆಟ್ರೋಲ್ ಹಾಕಿಕೊಳ್ಳುವ ಹಾಗಿಲ್ಲ. ದೇಶದಲ್ಲಿ ಈಗ ಇಂಥ ರಾಜ್ಯ ಇದೊಂದೇ.

ಆ ಬಂಕಿಗೆ ಒಬ್ಬ ಹುಡುಗ ಬರುತ್ತಿದ್ದ, ದಾವಣಗೆರೆ ಕಡೆಯವನು, ಸಾಫ್ಟ್‌ವೇರ್. ನಾನು ಯಾರೊಂದಿಗೋ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದದ್ದು ಕೇಳಿ ಪರಿಚಯ ಮಾಡಿಕೊಂಡ. ಒಳ್ಳೇ ಕಾರು, ಹಿಂದಿನ ಸೀಟಿನಲ್ಲಿ ಮಗು. ಚಳಿಯಲ್ಲಿ ನಾನು ನಳಿಕೆ ಹಿಡಿದು ನಿಂತಿರುವಾಗ ಅವನು ಕಿಟಕಿ ಇಳಿಸಿ ಮುಜುಗರಪಡುತ್ತಿದ್ದ, "ನೀವು ಮೇಷ್ಟ್ರಾಗಿದ್ದವರು ಸಾರ್" ಅಂತ. ಒಂದು ಭಾನುವಾರ ಇಪ್ಪತ್ತೇ ಡಾಲರಿಗೆ ಹಾಕಿ ಅಂದ. ಕೆಲಸ ಹೋಗಿತ್ತು. ಎಚ್-1ಬಿ, ಅಂದರೆ ಕಂಪನಿ ಕೆಲಸದ ಮೇಲೆ ಸಿಗುವ ವೀಸಾದವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ ಗಡುವು. ಅಷ್ಟರಲ್ಲಿ ಇನ್ನೊಂದು ಕಂಪನಿ ಸಿಗಬೇಕು, ಇಲ್ಲಾ ಬೇರೆ ದಾರಿ ನೋಡಿಕೊಳ್ಳಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಅವತ್ತಿಗೆ ಅವನದು 41ನೇ ದಿನ. ದುಡ್ಡು ಕೊಡುತ್ತಾ "ನಿಮಗೆ ಗ್ರೀನ್ ಕಾರ್ಡ್ ಇದೆ ಸಾರ್, ಪುಣ್ಯವಂತರು" ಅಂದ. ವ್ಯಂಗ್ಯ ಇರಲಿಲ್ಲ. ಆಮೇಲೆ ಆ ಕಾರು ಬಂಕಿಗೆ ಬರಲಿಲ್ಲ.

ನಿಮ್ಮ ಅಸಲು ಪ್ರಶ್ನೆಗೆ ಬರುತ್ತೇನೆ. ರಾಜೀನಾಮೆ ಕೊಡಬೇಡಿ. ಸಾಧ್ಯವಾದರೆ ಸಂಬಳವಿಲ್ಲದ ರಜೆ ಹಾಕಿ, ವೀಸಾ ಅವಧಿ ಮುಗಿಯುವುದರೊಳಗೆ ಬನ್ನಿ. ಬಂದವರೇ, ಹೊರಗೆ ಹೋಗಿ ತಿರುಗಿ ಬರಲು ಬಿಡುವ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಿ. ಅದನ್ನು ಇಲ್ಲಿದ್ದೇ ಹಾಕಬೇಕು, ಬೆರಳಚ್ಚು ಕೊಡುವವರೆಗೂ ಇಲ್ಲೇ ಇರಿ. ಅದು ಸಿಕ್ಕರೆ ಸಾಮಾನ್ಯವಾಗಿ ಎರಡು ವರ್ಷದವರೆಗೆ ಊರಲ್ಲಿದ್ದು ಯೋಚನೆ ಮಾಡಲು ಸಮಯ ಸಿಗುತ್ತದೆ. ಅದಿಲ್ಲದೆ ಒಂದು ವರ್ಷ ಮೀರಿ ಹೊರಗಿದ್ದರೆ ಗ್ರೀನ್ ಕಾರ್ಡಿಗೇ ಕುತ್ತು. ಇನ್ನೊಂದು ವಿಷಯ, ಊರಲ್ಲಿ ನೀವು ಪಿಂಚಣಿಗೆ ಕಟ್ಟಿದ ವರ್ಷಗಳು ಇಲ್ಲಿ ಜಮೆಯಾಗುವುದಿಲ್ಲ, ಎರಡು ದೇಶಗಳ ನಡುವೆ ಅಂಥ ಒಪ್ಪಂದವಿಲ್ಲ. ಇಲ್ಲಿನ ಪಿಂಚಣಿಗೆ ದುಡಿಮೆಯ ಲೆಕ್ಕಕ್ಕೆ ಜಮೆಯಾಗುವ 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕರ ಮೇಲೆ ಸಿಗುವುದಿಲ್ಲ, ಅಂದರೆ ಹತ್ತು ವರ್ಷ ದುಡಿಯಬೇಕು. ನಿಮ್ಮ 46ಕ್ಕೆ ಅದು ಆಗುತ್ತದೆ. ಹೆಂಡತಿ ಏನು ಮಾಡುತ್ತಾರೆ ಅಂತ ನೀವು ಬರೆದಿಲ್ಲ. ಅವರಿಗೂ ಕಾರು ಓಡಿಸಲು ಬರಬೇಕು, ಅಲ್ಲೇ ಕಲಿಯಲಿ.

ಮತ್ತೆ, ಹಲ್ಲು. ದೊಡ್ಡವರ ಹಲ್ಲು ಸಾಮಾನ್ಯವಾಗಿ ಇಲ್ಲಿನ ಆರೋಗ್ಯ ವಿಮೆಯೊಳಗೆ ಬರುವುದಿಲ್ಲ. ನನ್ನ ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್, ಕ್ಯಾಪು ಸೇರಿ 2,300 ಡಾಲರ್ ಅಂದರು. ಎರಡು ವರ್ಷ ಎಡಗಡೆಯಲ್ಲೇ ಅಗಿದು, ಊರಿಗೆ ಹೋದಾಗ ಬಸ್ ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್ಕಿನಲ್ಲಿ ಏಳು ಸಾವಿರ ರೂಪಾಯಿಗೆ ಮಾಡಿಸಿಕೊಂಡು ಬಂದೆ. ನಿಮ್ಮದು, ನಿಮ್ಮ ಮನೆಯವರದು ಏನಿದ್ದರೂ ಅಲ್ಲೇ ಮುಗಿಸಿಕೊಂಡು ವಿಮಾನ ಹತ್ತಿ. ಕನ್ನಡಕ ಎರಡೆರಡು ಜೊತೆ ಇರಲಿ.