ನೂಲಿನೊಳಗೆ ಹರಿಯುವ ವಿದ್ಯುತ್ತು

ಪ್ರಶ್ನೆ: ನಾನು ಬಿ.ಎಸ್‌ಸಿ. ಅಂತಿಮ ವರ್ಷದಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ. ಮನೆಯಲ್ಲಿ ಸೀರೆಯ ಮಗ್ಗವಿದೆ. ಹೃದಯಬಡಿತ ಅಳೆಯುವ ಬಟ್ಟೆಯನ್ನು ರೂಪಿಸುವ ವಸ್ತುವಿಜ್ಞಾನಿಯ ಕೆಲಸ ಎಂಥದ್ದು? ನಾನು ಆ ದಾರಿ ಹಿಡಿಯಬಹುದೇ?
– ಓದುಗರೊಬ್ಬರು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಖಂಡಿತ ಹಿಡಿಯಬಹುದು. ವಿದ್ಯುತ್ತನ್ನು ಹರಿಸುವ, ಆದರೂ ನೂಲಿನಂತೆಯೇ ಬಾಗುವ ಎಳೆಯನ್ನು ಕಂಡುಕೊಳ್ಳುವುದೇ ಈ ವಿಜ್ಞಾನಿಯ ಮೊದಲ ಕೆಲಸ. ತಾಮ್ರದ ತಂತಿ ಪದೇ ಪದೇ ಬಾಗಿದರೆ ದಣಿದು ತುಂಡಾಗುವುದರಿಂದ, ಬೆಳ್ಳಿ ಲೇಪಿಸಿದ ನೈಲಾನ್, ಹತ್ತಿಯೊಡನೆ ಬೆರೆಸಿ ನೂತ ಸ್ಟೇನ್‌ಲೆಸ್ ಸ್ಟೀಲಿನ ಸೂಕ್ಷ್ಮ ಎಳೆ, ವಿದ್ಯುತ್ ಹರಿಸುವ ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು) ಇವುಗಳನ್ನು ಬಳಸುತ್ತಾರೆ. ಇಂಥ ಪಾಲಿಮರ್‌ಗಳ ಶೋಧಕ್ಕಾಗಿ ಹೀಗರ್, ಮ್ಯಾಕ್‌ಡಯರ್ಮಿಡ್ ಮತ್ತು ಶಿರಕಾವ ಅವರಿಗೆ 2000ರಲ್ಲಿ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು.

ನಿಜವಾದ ಪರೀಕ್ಷೆ ಇರುವುದು ಒಗೆತದಲ್ಲಿ. ಬೆವರು, ಸಾಬೂನು, ಹಿಂಡುವಿಕೆಗಳಿಂದ ಬೆಳ್ಳಿಯ ಲೇಪ ಬಿರುಕುಬಿಟ್ಟು ಎಳೆಯ ವಿದ್ಯುತ್ ರೋಧ ಏರುತ್ತದೆ. ಆದ್ದರಿಂದ ಒಗೆದು, ಬಾಗಿಸಿ, ಅಳೆದು, ಲೇಪವನ್ನು ಬದಲಿಸಿ ಮತ್ತೆ ಒಗೆಯುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಇನ್ನೊಂದು ಕಠಿಣ ಜಾಗವೆಂದರೆ ಗಟ್ಟಿಯಾದ ಎಲೆಕ್ಟ್ರಾನಿಕ್ ಚಿಪ್ ಮೆತ್ತನೆಯ ನೂಲಿಗೆ ಕೂಡುವ ಸಂದು. ಅದು ಸಾಮಾನ್ಯವಾಗಿ ಮೊದಲು ಕೈಕೊಡುವ ಭಾಗ. ಸೀರೆಯ ಒಡಲಿನ ಹಾಸುನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೆ) ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸುವುದನ್ನು ಚಿಕ್ಕಂದಿನಿಂದ ಕಂಡಿರುವ ನಿಮಗೆ, ಎರಡು ಬೇರೆ ಗುಣದ ಎಳೆಗಳು ಸೇರುವ ಕಡೆ ಬಿಗಿತ ಎಷ್ಟಿರಬೇಕೆಂಬುದು ಪುಸ್ತಕದಿಂದಷ್ಟೇ ತಿಳಿಯಬೇಕಾದ ಸಂಗತಿಯಲ್ಲ. ಇದನ್ನು ನಾನು ದೊಡ್ಡ ಬಂಡವಾಳವೆಂದೇ ಎಣಿಸುತ್ತೇನೆ.

ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಲು ಐಐಟಿಗಳ ಜಾಮ್ ಪರೀಕ್ಷೆ ಬರೆಯಿರಿ. ಅನಂತರ ವಸ್ತುವಿಜ್ಞಾನದಲ್ಲಿ ಸಂಶೋಧನೆ ಕೈಗೊಳ್ಳಬಹುದು. ಜವಳಿ ತಂತ್ರಜ್ಞಾನಕ್ಕೇ ಪ್ರತ್ಯೇಕ ವಿಭಾಗವಿರುವ ದೆಹಲಿಯ ಐಐಟಿಯನ್ನೂ ಗಮನದಲ್ಲಿಡಿ. ಅಲ್ಲಿಯವರೆಗೆ ಮನೆಯ ಮಗ್ಗದ ಮುಂದೆ ಕೂರುವುದನ್ನು ಬಿಡಬೇಡಿ.